ಬೆನ್ನ ಹಿಂದೆ ತುಂಬಿದ ನೀರು

ಶಾಲೆಯ ಪ್ರವಾಸಕ್ಕೆ ಜಾಗ ಆರಿಸುವ ಕೆಲಸವನ್ನು ಆ ವರ್ಷ ನಾನಾಗಿಯೇ ಮೈಮೇಲೆ ಹಾಕಿಕೊಂಡೆ. ಸೂರತ್ತಿನ ಕತಾರ್‌ಗಾಮ್ ಕಡೆಯ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಏಳನೇ ತರಗತಿಯವರನ್ನು ಒಂದು ವರ್ಷ ವಡೋದರಾದ ವಸ್ತುಸಂಗ್ರಹಾಲಯಕ್ಕೆ, ಮರುವರ್ಷ ಅಹಮದಾಬಾದಿಗೆ ಕರೆದೊಯ್ದಿದ್ದರು. ಈ ಸಲದ ಮಕ್ಕಳು ಒಂದೇ ದನಿಯಲ್ಲಿ ಸಮುದ್ರ ಬೇಕೆಂದರು. ಶಿಕ್ಷಕರ ಕೋಣೆಯಲ್ಲಿ ಪ್ರಿನ್ಸಿಪಾಲರು, "ಯಾರು ಜವಾಬ್ದಾರಿ ತಗೊಳ್ತೀರಿ?" ಎಂದಾಗ ಎಲ್ಲರೂ ತಲೆ ತಗ್ಗಿಸಿದರು.

"ನಾನು ತಗೊಳ್ತೇನೆ ಮೇಡಂ. ನಾನು ಕಡಲ ಬದಿಯಲ್ಲೇ ಹುಟ್ಟಿ ಬೆಳೆದವಳು" ಎಂದೆ.

ನನ್ನ ತವರು ಕುಂದಾಪುರದ ಹತ್ತಿರ. ನಡುಮನೆಯಲ್ಲಿ ಕೂತರೆ ತೆರೆಯ ಸದ್ದು ಕೇಳುವಷ್ಟು ಕಡಲು ಸಮೀಪ. ಈಜು ಯಾವಾಗ ಕಲಿತೆ ಎಂಬುದೂ ನೆನಪಿಲ್ಲ. ಹೀಗಾಗಿ ಕಡಲೆಂದರೆ ನನಗೆ ಗೊತ್ತು ಎಂಬ ಹೆಮ್ಮೆ ಇತ್ತು.

ಓಲ್ಪಾಡ್ ಕಡೆ ಮೀನುಗಾರರ ಪುಟ್ಟ ಹಳ್ಳಿಯೊಂದನ್ನು ಆರಿಸಿದೆ. ಅಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿವೆ, ಬಣ್ಣದ ಏಡಿಗಳಿವೆ, ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳಿವೆ. ಪಾಠದಲ್ಲಿ ಬರುವುದೆಲ್ಲ ಒಂದೇ ಕಡೆ ಸಿಗುತ್ತದೆ. ಮೊದಲು ನಾನೊಮ್ಮೆ ನೋಡಿ ಬರಬೇಕು ಎಂದು ಭಾನುವಾರ ಹೊರಟೆ. ನಮ್ಮ ಶಾಲೆಯ ಹಿರಿಯ ಗುಜರಾತಿ ಶಿಕ್ಷಕಿಯೂ ಬಂದರು. ಅವರ ತವರು ಆ ಹಳ್ಳಿಯ ಪಕ್ಕದ್ದೇ. ನಾವೆಲ್ಲ ಅವರನ್ನು 'ಬೆನ್', ಅಂದರೆ ಅಕ್ಕ, ಎಂದೇ ಕರೆಯುವುದು.

ನನ್ನ ಗಂಡನದು ಉಧ್ನಾದಲ್ಲಿ ಚಿಕ್ಕ ಉಡುಪಿ ಹೋಟೆಲು. ಭಾನುವಾರ ಅವರಿಗೆ ಬಿಡುವಿರುವುದಿಲ್ಲ. ನಾನು ಮಗಳಿಗೂ ಚಪ್ಪಲಿ ಹಾಕಿಕೊಳ್ಳಲು ಹೇಳಿದ್ದು ಕೇಳಿ, "ಅವಳನ್ನೆಂತಕ್ಕೆ ಕರ್ಕೊಂಡು ಹೋಗುದು? ಗೊತ್ತಿಲ್ಲದ ಜಾಗ" ಎಂದರು.

"ಅವಳೂ ಏಳನೇ ಕ್ಲಾಸೇ ಅಲ್ವಾ? ಅವಳಿಗೆ ನಡಿಲಿಕ್ಕೆ ಆದ್ರೆ ಎಲ್ಲ ಮಕ್ಕಳಿಗೂ ಆಗ್ತದೆ."

ಈ ಮಾತು ನೆನಪಾದಾಗಲೆಲ್ಲ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಹಳ್ಳಿ ದಾಟಿದರೆ ಉದ್ದಕ್ಕೂ ಮಣ್ಣಿನ ಏರಿ. ಅದರ ಆಚೆ ಕಡಲಿರಲಿಲ್ಲ! ಕಣ್ಣಿಗೆ ಕಾಣುವಷ್ಟು ದೂರ ಬೂದು ಬಣ್ಣದ ಕೆಸರು, ಅದರ ತುದಿಯಲ್ಲಿ ಬೆಳ್ಳಗಿನ ಒಂದು ಗೆರೆ. ಅದೇ ನೀರು. ಮಂಡಿನೋವಿನ ಬೆನ್ ಏರಿಯ ಮೇಲೆಯೇ ಕೂತರು. "ಹೆಚ್ಚು ದೂರ ಹೋಗಬೇಡ, ಇಲ್ಲಿಯ ನೀರು ಬೇರೆ ಥರ" ಎಂದು ಹಿಂದಿಯಲ್ಲಿ ಹೇಳಿದರು. ನಾನು ನಕ್ಕು, "ನೀರು ಅಷ್ಟು ದೂರ ಇದೆಯಲ್ಲ ಬೆನ್" ಎಂದೆ. ಅಲೆ ಬಂದರೆ ಎದುರಿನಿಂದ ತಾನೇ ಬರುವುದು, ಕಂಡ ಕೂಡಲೇ ತಿರುಗಿದರಾಯಿತು ಎಂಬುದು ನನ್ನ ಲೆಕ್ಕ.

ಕೆಸರು ಮೇಲೆ ಗಟ್ಟಿಯಾಗಿತ್ತು. ನಡುವೆ ಒಂದು ಒಣ ತಗ್ಗು ಸಿಕ್ಕಿತು, ಹಳ್ಳದ ಪಾತ್ರದ ಹಾಗೆ. ಇಳಿದು ಹತ್ತಿ ಮುಂದೆ ಹೋದೆವು. ಮಗಳು ಕುಪ್ಪಳಿಸುವ ಮೀನುಗಳ ಹಿಂದೆ ಓಡಿದಳು. ನಾನು ಫೋನಿನಲ್ಲಿ ಫೋಟೋ ತೆಗೆಯುತ್ತ, ಮಕ್ಕಳನ್ನು ಎಲ್ಲಿ ನಿಲ್ಲಿಸುವುದು, ಎಲ್ಲಿ ಬುತ್ತಿ ಬಿಚ್ಚಿಸುವುದು ಎಂದು ಯೋಚಿಸುತ್ತಿದ್ದೆ. ಎದುರಿನ ಬಿಳಿ ಗೆರೆಯನ್ನು ಆಗಾಗ ನೋಡುತ್ತಲೂ ಇದ್ದೆ. ಅದು ಇದ್ದಲ್ಲೇ ಇತ್ತು.

ಏರಿಯ ಕಡೆಯಿಂದ ಕೂಗು ಕೇಳಿತು. ಬೆನ್ ಎದ್ದು ನಿಂತು ಸೆರಗು ಬೀಸುತ್ತಿದ್ದರು. "ಪಾಛಾ ಆವೋ! ಭರತೀ! ಭರತೀ!" ವಾಪಸ್ ಬನ್ನಿ ಎನ್ನುತ್ತಿದ್ದರು. ಭರತೀ ಎಂದರೆ ಉಬ್ಬರವೆಂದು ಹೊಳೆಯಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ನಮ್ಮ ಕಡೆಯೂ ಅದನ್ನು ಭರತ ಎನ್ನುತ್ತಾರೆ. ಆದರೆ ಎಲ್ಲಿದೆ ನೀರು? ತಿರುಗಿ ನೋಡಿದೆ. ನಾವು ದಾಟಿ ಬಂದ ತಗ್ಗಿನಲ್ಲಿ ಅದು ಹರಿಯುತ್ತಿತ್ತು. ಎಲ್ಲೋ ಬದಿಯಿಂದ ನುಗ್ಗಿ, ನಮಗೂ ಏರಿಗೂ ನಡುವೆ, ಸದ್ದಿಲ್ಲದೆ.

ಮಗಳ ಕೈ ಹಿಡಿದು ಓಡಿದೆ. ಅಷ್ಟರಲ್ಲಿ ಗಟ್ಟಿ ನೆಲ ಮೆತ್ತಗಾಗತೊಡಗಿತ್ತು. ತಗ್ಗಿನ ಅಂಚಿಗೆ ಬರುವಾಗ ಅವಳ ಬಲಗಾಲು ಮೊಣಕಾಲಿನವರೆಗೆ ಇಳಿಯಿತು.

"ಮಮ್ಮೀ, ಪೈರ್ ಫಸ್ ಗಯಾ! ಕಾಲು ನಿಕಲ್ತಾ ಇಲ್ಲ!"

"ಎಳಿ ಮಗಾ, ಎಳಿ!" ಎನ್ನುತ್ತ ಎರಡೂ ಕೈಯಿಂದ ಎಳೆದೆ. ಎಳೆದಷ್ಟೂ ನನ್ನ ಕಾಲೇ ಒಳಗೆ ಹೋಯಿತು. ನೀರು ಅವಳ ತೊಡೆ ಮುಟ್ಟಿತು. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಅಮ್ಮನಿಗೆ ಗೊತ್ತಿರುತ್ತದೆ ಎಂಬ ಹಾಗೆ. ನನಗೇನೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಉಬ್ಬರ ಇಳಿತದ ನಡುವಿನ ಅಂತರ ಒಬ್ಬ ಮನುಷ್ಯನ ಎತ್ತರಕ್ಕಿಂತ ಹೆಚ್ಚಿರುವುದಿಲ್ಲ. ಸೂರತ್ತಿನ ಕಡೆಯ ಈ ಕೊಲ್ಲಿಯಲ್ಲಿ ಅದು ಮನೆ ಮುಳುಗಿಸುವಷ್ಟು ಎಂದು ಆಮೇಲೆ ತಿಳಿಯಿತು. ವಿಜ್ಞಾನ ಕಲಿಸುವವಳು ಮೊದಲೇ ತಿಳಿದುಕೊಳ್ಳಬೇಕಿತ್ತು.

ಏಡಿ ಹಿಡಿಯುವ ಮುದುಕಿಯೊಬ್ಬಳು ಕಾಂಡ್ಲಾ ಗಿಡಗಳ ಮರೆಯಿಂದ ಬೈಯುತ್ತಲೇ ನಮ್ಮ ಕಡೆ ಬಂದಳು. ಸೀರೆಯನ್ನು ಕಚ್ಚೆ ಕಟ್ಟಿದ್ದಳು, ಕೈಯಲ್ಲಿ ಬಿದಿರಿನ ಕೋಲು. ತನ್ನ ಕೈಯಿಂದಲೇ ನನಗೆ ಸನ್ನೆ ಮಾಡಿ ತೋರಿಸಿದಳು: ಎಳೆಯಬೇಡ, ಮಗುವನ್ನು ಮಲಗಿಸು. ಮಗಳನ್ನು ನೀರಿನ ಮೇಲೆ ಅಂಗಾತ ಮಲಗಿಸಿ ತಲೆ ಹಿಡಿದುಕೊಂಡೆ. ಮುದುಕಿ ಕಾಲಿನ ಸುತ್ತ ಕೋಲಾಡಿಸಿ ಕೆಸರು ಸಡಿಲಿಸಿದಳು. ಕಾಲು ಮೆಲ್ಲಗೆ ಈಚೆ ಬಂತು. ನನ್ನ ಕಾಲನ್ನೂ ಹಾಗೆಯೇ ಬಿಡಿಸಿದಳು. ಆಮೇಲೆ ಅವಳು ನೇರ ಏರಿಗೆ ಹೋಗಲು ಬಿಡದೆ, ಗಿಡಗಳ ಬೇರಿರುವ ಕಡೆಯಿಂದ ಸುತ್ತು ಹಾಕಿಸಿ ನಡೆಸಿದಳು. ಒಂದು ಕಡೆ ನೀರು ನನ್ನ ಎದೆಗೆ ಬಂತು. ಮಗಳನ್ನು ಹೆಗಲಿಗೇರಿಸಿಕೊಂಡೆ. ಅವಳ ಹಲ್ಲು ಕಟಕಟ ಎನ್ನುವುದು ನನ್ನ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು.

ಏರಿಯ ಮೇಲೆ ಕೂತು ನೋಡಿದರೆ ನಾವು ನಿಂತಿದ್ದ ನೆಲವೇ ಇರಲಿಲ್ಲ. ಬೆನ್ ತಮ್ಮ ಸೆರಗಿನಿಂದ ಮಗಳ ತಲೆ ಒರೆಸುತ್ತಿದ್ದರು. ಏಳನೇ ತರಗತಿಯ ನಲವತ್ತೊಂದು ಮಕ್ಕಳು ಆ ತಗ್ಗಿನ ಆಚೆ ಸಾಲಾಗಿ ನಿಂತಂತೆ ಕಲ್ಪಿಸಿಕೊಂಡೆ.

ಮನೆಯಲ್ಲಿ ಗಂಡ ನಮ್ಮ ಬಟ್ಟೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಮಗಳಿಗೆ ಟವೆಲು ಹೊದಿಸಿ, "ಮಾರಾಯ್ತಿ, ನಂಗೆ ಎಂತ ಹೇಳ್ಬೇಕು ಗೊತ್ತಾಗುದಿಲ್ಲ" ಎಂದು ಎದ್ದು ಹೋದರು. ಬೈದಿದ್ದರೇ ಹಗುರವಾಗುತ್ತಿತ್ತು.

ಸೋಮವಾರ ಪ್ರಿನ್ಸಿಪಾಲರ ಮುಂದೆ ನಿಂತಾಗ ಕೆಲಸ ಹೋಗುತ್ತದೆಂಬ ಭಯ ಬೇರೆ. ಆದರೂ ಒಂದನ್ನೂ ಮುಚ್ಚಿಡದೆ ಹೇಳಿ, "ಕಡಲು ಬೇಡ ಮೇಡಂ. ಯಾವುದಾದರೂ ಗೋಡೆ, ಬಾಗಿಲು ಇರುವ ಜಾಗಕ್ಕೆ ಹೋಗೋಣ" ಎಂದೆ. ಅವರು ಒಪ್ಪಿ, ಹಳ್ಳಿಯ ಹೆಸರು ಹೊಡೆದುಹಾಕಲು ಪೆನ್ನು ತೆಗೆದುಕೊಂಡರು. ಆಗ ನನ್ನ ಜೊತೆಗೆ ಬಂದಿದ್ದ ಬೆನ್, "ಈಗ ನಾವು ಕರೆದೊಯ್ಯದಿದ್ದರೆ ನಾಲ್ಕು ವರ್ಷ ಬಿಟ್ಟು ಈ ಮಕ್ಕಳೇ ಗೆಳೆಯರ ಬೈಕ್ ಹತ್ತಿ ಹೋಗ್ತಾರೆ. ಆಗ ಏರಿ ಮೇಲಿಂದ ಕೂಗುವವರು ಯಾರಿರ್ತಾರೆ?" ಎಂದರು.

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. "ಆರಿಸುವುದು ನೀವೇ."

ಎರಡು ದಿನ ಯೋಚಿಸಿದೆ. ಎರಡು ಕಡೆಯೂ ಭಯವೇ ಇತ್ತು. ಕೊನೆಗೆ ಅದೇ ಹಳ್ಳಿಯನ್ನು ಬರೆದುಕೊಟ್ಟೆ: ಏರಿಯಿಂದ ಯಾರೂ ಇಳಿಯುವಂತಿಲ್ಲ, ಉಬ್ಬರದ ಹೊತ್ತನ್ನು ಹಳ್ಳಿಯವರಿಂದ ಕೇಳಿಕೊಂಡೇ ಹೋಗಬೇಕು, ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು. ಮಗಳು ತಾನೂ ಬರುತ್ತೇನೆಂದಾಗ ಗಂಡ ಹೋಟೆಲು ಬಾಗಿಲು ಹಾಕಿ ಜೊತೆಗೆ ಬಂದರು.

ಆ ದಿನ ಮಕ್ಕಳನ್ನು ಎಷ್ಟು ಸಲ ಎಣಿಸಿದೆನೋ ತಿಳಿಯದು. ಯಾರಾದರೂ ಅಂಚಿಗೆ ಹೋದರೆ ಕೈ ಹಿಡಿದು ಹಿಂದಕ್ಕೆ ಕರೆತರುತ್ತಿದ್ದೆ. ಅಂದು ನಮ್ಮನ್ನು ಉಳಿಸಿದ ಮುದುಕಿಯೇ ಕೋಲು ಹಿಡಿದು ಬಂದು, ನೀರು ಹೇಗೆ ಕಳ್ಳದಾರಿಯಿಂದ ಬರುತ್ತದೆಂದು ಗುಜರಾತಿಯಲ್ಲಿ ವಿವರಿಸಿದಳು. ಹೊತ್ತಿಗೆ ಸರಿಯಾಗಿ ತಗ್ಗು ತುಂಬಿತು, ಬೂದು ನೆಲ ತುಂಡುತುಂಡಾಗಿ ಮಾಯವಾಯಿತು. ಒಬ್ಬಳು, "ಮೇಡಂ, ಅಲ್ಲಿ ಯಾರಾದ್ರೂ ನಿಂತಿದ್ರೆ?" ಎಂದು ಕೇಳಿದಳು.

ನಾನು ಉತ್ತರಿಸುವ ಮೊದಲೇ ನನ್ನ ಮಗಳು, "ಹಮ್ ಖಡೇ ಥೇ. ನಾವು ನಿಂತಿದ್ವಿ, ನಾನು ಮತ್ತೆ ಅಮ್ಮ" ಎಂದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ತಗ್ಗಿನತ್ತ ಬೆರಳು ತೋರಿಸಿ, ಕಾಲು ಸಿಕ್ಕಿಕೊಂಡರೆ ಹೇಗೆ ಮಲಗಬೇಕೆಂದು ಹೇಳತೊಡಗಿದಳು. ನಾನು ಮತ್ತೊಮ್ಮೆ ಮಕ್ಕಳನ್ನು ಎಣಿಸಿದೆ.