ಗುಳಿಗಿ ಬಿಟ್ಟೀನಲ್ರಿ

ಮಾರ್ಚಿ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಗಂಗಾವತಿಯ ನಮ್ಮ ಓಣಿಯಲ್ಲಿ ಎದುರುಮನೆಯ ಹೊಲಿಗೆಯಾಕೆಯ ಹೊಸ್ತಿಲ ಬಳಿ ನಾನು ಮತ್ತು ಆಕೆ, ಇಬ್ಬರೇ. ಆಕೆಯ ಕೈಯಲ್ಲಿ ಮೊಸರನ್ನದ ಡಬ್ಬಿ, ಬೇವಿನ ಸೊಪ್ಪು. ಓಣಿಯ ತುದಿಮನೆಯ ಮಗುವಿಗೆ ಚಿಕನ್‌ಪಾಕ್ಸ್ ಆಗಿತ್ತು; ಆಕೆಯ ಮಾತಿನಲ್ಲಿ, ಅಮ್ಮ ಬಂದಿದ್ದಳು.

ಹೊಲಿಗೆಯಾಕೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ಕಾವಲಿನ ಕಣಗಳೇ ನರಗಳನ್ನು ಕೆಡಿಸುವ ಕಾಯಿಲೆ. ಅವನ್ನು ಹತ್ತಿಕ್ಕುವ ಗುಳಿಗೆಯಿಂದ ರಕ್ತದ ಬಿಳಿಕಣಗಳು ತೀರಾ ಇಳಿದವೆಂದು ಡಾಕ್ಟರು ಹಿಂದಿನ ವಾರವಷ್ಟೇ ಅದನ್ನು ನಿಲ್ಲಿಸಿದ್ದರು. ಕಣಗಳು ಮರಳಲು ತಿಂಗಳುಗಳೇ ಬೇಕಾಗಬಹುದು, ಅಲ್ಲಿಯವರೆಗೆ ಇಂಥ ಸೋಂಕು ತಗುಲಿದರೆ ಜೀವಕ್ಕೇ ಅಪಾಯ ಎಂದು ನನ್ನೆದುರೇ ಹೇಳಿದ್ದರು.

"ಗುಳಿಗಿ ಬಿಟ್ಟೀನಲ್ರಿ ಮಾಸ್ತರ್ರ, ಇನ್ನೇನಾಗತೈತಿ?" ವಾರವಿಡೀ ಇದೇ ಮಾತು.

"ಬಿಟ್ಟಕೂಡ್ಲೆ ಓಡಿ ಬರಾಕ ಕಣ ಅಂದ್ರ ನಿನ್ನ ಗಿರಾಕಿಗಳೇನವಾ?"

"ಎಡಿ ಕೊಡದಿದ್ರ ಅಮ್ಮ ಸಿಟ್ಟಾಗತಾಳ್ರಿ."

ಮರಗಟ್ಟಿದ ಬಲಗಾಲಿನ ತೊಡೆಯನ್ನು ಎಂದಿನಂತೆ ತಟ್ಟಿ, "ನಡಿಯಪಾ" ಎಂದು ಹೊಸ್ತಿಲು ದಾಟಿಯೇಬಿಟ್ಟಳು. ನನಗೆ ತಲೆ ಕೆಟ್ಟಿತು. ಡಬ್ಬಿ ಕಸಿದುಕೊಂಡು ನಾನೇ ಹೊರಟೆ. ನನಗೆ ಚಿಕನ್‌ಪಾಕ್ಸ್ ಬಾಲ್ಯದಲ್ಲೇ ಬಂದುಹೋಗಿತ್ತು.

"ಚಪ್ಪಲಿ ಬಿಡ್ರಿ! ಅಮ್ಮನ ಮನಿಗೆ ಬರಿಗಾಲಿಲೆ ಹೋಗಬೇಕ್ರಿ."

ಕಾದ ಸಿಮೆಂಟು ರಸ್ತೆಯ ಮೇಲೆ, ಎಪ್ಪತ್ತು ದಾಟಿದವನು, ಕುಣಿಯುತ್ತಾ ಹೋಗಿ ಎಡೆ ಕೊಟ್ಟು ಬಂದೆ. ಆಕೆ ಕಿಟಕಿಯಲ್ಲೇ ನಿಂತಿದ್ದಳು.

"ನನ್ನ ಹೆಸರು ಹೇಳಿದ್ರೇನ್ರಿ?"

ಹೇಳಿರಲಿಲ್ಲ.

"ಹಂಗಾರ ನಾನ ಹೋಗಿಬರ್ತೀನ್ರಿ."

ಅಂಗಳದಿಂದಲೇ ಹಿಂದಿರುಗಿ, ಮತ್ತೆ ಬರಿಗಾಲಲ್ಲಿ ಹೋಗಿ, ಬೇವು ಕಟ್ಟಿದ ಬಾಗಿಲ ಮುಂದೆ ನಿಂತು ಆಕೆಯ ಹೆಸರು ಹೇಳಿ ಬಂದೆ.