ಕೆಲಸ ಮುಗಿಯದ ಸೀರೆ

ಶಾಮಲಕ್ಕ ಕೌದಿಗೆಂದು ದುಡ್ಡು ಕೊಟ್ಟು ಹೊಸ ಬಟ್ಟೆ ತಂದದ್ದನ್ನು ಈ ಹನ್ನೊಂದು ವರ್ಷಗಳಲ್ಲಿ ನಾನು ನೋಡಿಲ್ಲ. ಮರಾಠಿ ಸೀಮೆಯ ಸದಾಶಿವ ಪೇಠದಲ್ಲಿ, ಒಂದೇ ಅಂಗಳದ ನಮ್ಮ ವಾಡೆಯಲ್ಲಿ ಅವರದು ಮೇಲಿನ ಮನೆ, ನಮ್ಮದು ಕೆಳಗಿನದು. ಇಬ್ಬರೂ ಧಾರವಾಡದ ಕಡೆಯವರು. ನಾವು ಬಂದ ಮೊದಲ ವಾರವೇ ಅವರು ಕೆಳಗಿಳಿದು ಬಂದು ಕುಶಲ ಕೇಳಿದರು, ಚಹಾ ಕುಡಿದರು, ಹೋಗುವಾಗ ನನ್ನ ಹಳೆಯ ಕಿಟಕಿ ಪರದೆ ಕೇಳಿ ಒಯ್ದರು. ಈ ಹೆಂಗಸು ಜಿಪುಣಿ ಎಂದು ನಾನು ಅವತ್ತೇ ತೀರ್ಮಾನಿಸಿದೆ. ಈಗಲೂ ಹಾಗೆಯೇ ಅನ್ನುತ್ತೇನೆ, ಆದರೆ ಬೈಗುಳವಾಗಿ ಅಲ್ಲ.

ಪರೀಕ್ಷೆಗೆ ಓದಲು ಬಂದ ಹುಡುಗರು ಕೋಣೆ ಖಾಲಿ ಮಾಡುವಾಗ ಬಿಟ್ಟುಹೋಗುವ ಚಾದರ, ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಉಳಿಯುವ ಅಸ್ತರಿನ ತುಂಡು, ಹರಿದ ದಿಂಬಿನ ಚೀಲ, ಎಲ್ಲವೂ ಶಾಮಲಕ್ಕನ ಟ್ರಂಕು ಸೇರುತ್ತವೆ. ಮೊದಲು ಉಪ್ಪುನೀರಿನಲ್ಲಿ ನೆನೆಸಿ, ಬಿಳಿ ಕರವಸ್ತ್ರದಿಂದ ಉಜ್ಜಿ ನೋಡುತ್ತಾರೆ. ಬಣ್ಣ ಬಿಡುವ ಬಟ್ಟೆ ನೆಲ ಒರೆಸಲು ಹೋಗುತ್ತದೆ. ಗಟ್ಟಿ ಇರುವುದು ಕೌದಿಯ ಮೇಲಕ್ಕೆ, ಸವೆದು ಮೆತ್ತಗಾದದ್ದು ಒಳಗೆ, ಅಂದರೆ ಕೌದಿಯ ಹೊಟ್ಟೆಗೆ. ದಾರವನ್ನು ಕೂಡ ಹಳೆಯ ಸೀರೆಯ ಅಂಚಿನಿಂದ ಎಳೆದು ತೆಗೆಯುತ್ತಾರೆ.

ಆದರೆ ಸಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕುವವರಲ್ಲ. ಪ್ರತಿ ಬಟ್ಟೆಯನ್ನೂ ಬೆಳಕಿಗೆ ಹಿಡಿದು, ‘ಇದರ ಕೆಲಸ ಮುಗದದೇನು?’ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಒಮ್ಮೆ ನನ್ನ ಗಂಡನ ಅಂಗಿ ಕೊಡಹೋದೆ. ಕಾಲರ್ ಮಗುಚಿ ನೋಡಿ, ‘ಇನ್ನೂ ಎರಡು ವರ್ಷ ಬರ್ತದ ಮಂಜರಿ, ಅವರಿಗೇ ಹಾಕ್ಕೊಳ್ಳಾಕ ಹೇಳು’ ಎಂದು ವಾಪಸು ಕೊಟ್ಟರು. ನನ್ನ ಗಂಡ ಅದನ್ನು ನಾಲ್ಕು ವರ್ಷ ಹಾಕಿಕೊಂಡರು.

ಅವರಿಗೆ ಬಟ್ಟೆ ಸಿಗುವ ದೊಡ್ಡ ದಾರಿ ಸಾವಂತ್ರವ್ವ. ತಲೆಯ ಮೇಲೆ ಸ್ಟೀಲಿನ ಪಾತ್ರೆಗಳ ಬುಟ್ಟಿ ಹೊತ್ತು, ಹಳೆಯ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವಳು. ಊರು ಇಂಡಿ ತಾಲೂಕಿನ ಕಡೆ, ಇರುವುದು ಇಲ್ಲಿ ಊರಂಚಿನ ಹಡಪಸರದಲ್ಲಿ. ಬೀದಿಯಲ್ಲೆಲ್ಲ ಮರಾಠಿಯಲ್ಲಿ ಕೂಗುತ್ತ ಬಂದು ನಮ್ಮ ಅಂಗಳದಲ್ಲಿ ಕನ್ನಡ ಮಾತಾಡುತ್ತಾಳೆ. ಸಂತೆಯಲ್ಲಿ ಮಾರಲು ಬಾರದ ಬಟ್ಟೆಗಳನ್ನು ಶಾಮಲಕ್ಕನಿಗೆ ಅಗ್ಗಕ್ಕೆ ಕೊಡುತ್ತಾಳೆ. ಆ ವ್ಯಾಪಾರಕ್ಕೆ ಒಂದು ಕ್ರಮವಿದೆ. ಬೇಕಾದ ಬಟ್ಟೆಯ ಕಡೆ ಶಾಮಲಕ್ಕ ನೋಡುವುದೇ ಇಲ್ಲ. ಬೇಡದ್ದಕ್ಕೆ ಚೌಕಾಸಿ ಮಾಡಿ, ಬೇಕಾದ್ದನ್ನು ಅದರ ಮೇಲೆ ಪುಕ್ಕಟೆ ಕೊಸರಾಗಿ ಕೇಳುತ್ತಾರೆ. ಒಪ್ಪದಿದ್ದರೆ ಎದ್ದು ಮೆಟ್ಟಿಲು ಹತ್ತುತ್ತಾರೆ. ಮೂರನೇ ಮೆಟ್ಟಿಲಿಗೆ ‘ಬರ್ರಿ ಅಕ್ಕಾರ, ಒಯ್ರಿ’ ಎಂಬ ಕೂಗು ಬರುತ್ತದೆ. ಎಂಟು ವರ್ಷದಿಂದ ಇದು ತಪ್ಪಿರಲಿಲ್ಲ.

ಶಾಮಲಕ್ಕ ಅರವತ್ತಕ್ಕೂ ಹೆಚ್ಚು ಕೌದಿ ಹೊಲಿದಿದ್ದಾರೆ. ಮಗ ಕೇದಾರನಿಗೆ, ಸೊಸೆ ಪ್ರಾಚಿಗೆ, ನೆಂಟರಿಗೆ, ನನಗೂ ಒಂದು. ತಮಗೆಂದು ಒಂದೂ ಇಲ್ಲ. ಟ್ರಂಕಿನ ತಳದಲ್ಲಿ ಅವರ ತಾಯಿ ಉಡುತ್ತಿದ್ದ ಹಸಿರು ನೂಲಿನ ಇಳಕಲ್ ಸೀರೆ ಇತ್ತು. ‘ನನ್ನ ಕೌದಿ ಹೊಟ್ಟಿಗೆ ಅವ್ವನ ಸೀರಿ. ನಾ ಹೊಚ್ಕೊಂಡು ಮಲಗಾಕ’ ಎಂದು ನನ್ನ ಮುಂದೆ ಅನ್ನುತ್ತಿದ್ದರು. ಹೋದ ದೀಪಾವಳಿಗೆ ಅಂತೂ ಮನಸ್ಸು ಮಾಡಿ ಮೇಲಿನ ಪದರ ಜೋಡಿಸಿ ಮುಗಿಸಿದರು. ಒಳಗೆ ಸೀರೆ ಹಾಸಿ ಹೊಲಿಗೆಯ ಟಾಕು ಹಾಕುವುದಷ್ಟೇ ಬಾಕಿ.

ಆಗ ದೌಂಡದಲ್ಲಿ ಒಂದು ಮದುವೆ ಬಂತು. ಶಾಮಲಕ್ಕ ಮೂರು ದಿನ ಅಲ್ಲಿದ್ದರು. ತಿರುಗಿ ಬಂದಾಗ ಪ್ರಾಚಿ ಒಂದು ದೊಡ್ಡ ಸ್ಟೀಲಿನ ಡಬ್ಬಿ ಮುಂದಿಟ್ಟಳು. ‘ಅತ್ಯಾ, ಸಾವಂತ್ರವ್ವನ ಕಡೆ ನಿಮ್ಮ ಸೂಜಿ ದಾರಕ್ಕ ತೊಗೊಂಡೀನಿ. ಚಲೋ ಬಟ್ಟಿ ಯಾವುದೂ ಕೊಟ್ಟಿಲ್ರಿ, ಟ್ರಂಕಿನ್ಯಾಗ ಭಾಳ ಹಳೇದು ನೋಡಿ ಆರಿಸಿ ಕೊಟ್ಟೀನಿ.’ ಎಲ್ಲಕ್ಕಿಂತ ಹಳೆಯದು ಯಾವುದೆಂದು ಹೇಳಬೇಕಿಲ್ಲ. ಶಾಮಲಕ್ಕ ಡಬ್ಬಿಯ ಮುಚ್ಚಳ ತೆಗೆದು ಹಾಕಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ನನ್ನ ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತು ಅತ್ತರು. ‘ಏನಂತ ಬೈಲಿ? ನನಗಂತನ ತಂದಾಳ’ ಎಂದರು.

ಎರಡು ದಿನ ಬಿಟ್ಟು ಸಾವಂತ್ರವ್ವ ಬಂದಳು. ಗಂಟು ಬಿಚ್ಚಿದಾಗ ಹಸಿರು ಅಂಚು ನನಗೂ ಕಂಡಿತು. ಶಾಮಲಕ್ಕ ಎಂದಿನಂತೆ ಬೇರೆಲ್ಲ ಬಟ್ಟೆ ಮುಟ್ಟಿ ನೋಡಿದರು.

‘ಈ ಎರಡು ಚಾದರ ತೊಗೋತೀನಿ. ಕೊಸರಿಗೆ ಆ ಹಸಿರು ಹಾಕಿಬಿಡು.’

‘ಅದು ಕೊಸರಿಂದಲ್ರಿ ಅಕ್ಕಾರ. ಡಬ್ಬಿ ಕೊಟ್ಟು ತೊಗೊಂಡೀನಿ, ಇಳಕಲ್ ಅದ. ನೂರೈವತ್ತು ಕೊಡ್ರಿ.’

‘ಸವದು ಜಾಳ ಆಗೇದ. ಎಪ್ಪತ್ತು.’

‘ನೂರೈವತ್ತರಿ.’

ನಾನಾಗಿದ್ದರೆ ಅದು ನಮ್ಮವ್ವನದು ಎಂದು ಹೇಳಿಬಿಡುತ್ತಿದ್ದೆ. ಆದರೆ ಮೇಲೆ ಪ್ರಾಚಿ ಇದ್ದಳು, ಕೇಳಿಸಿಕೊಂಡರೆ ನೊಂದುಕೊಳ್ಳುತ್ತಿದ್ದಳು. ಅಷ್ಟೇ ಅಲ್ಲ, ಎಂಟು ವರ್ಷದ ಚಟ. ಶಾಮಲಕ್ಕ ಎದ್ದರು. ಒಂದು ಮೆಟ್ಟಿಲು, ಎರಡು, ಮೂರು. ಕೂಗು ಬರಲಿಲ್ಲ. ಸಾವಂತ್ರವ್ವನ ಫೋನ್ ಹೊಡೆದುಕೊಂಡಿತ್ತು. ಅವಳು ಒಂದು ಕೈಯಲ್ಲಿ ಅದನ್ನು ಕಿವಿಗೆ ಹಿಡಿದು ಇನ್ನೊಂದರಲ್ಲಿ ಗಂಟು ಕಟ್ಟುತ್ತಿದ್ದಳು. ಶಾಮಲಕ್ಕ ತಿರುಗಿ ನೋಡುವಷ್ಟರಲ್ಲಿ ಬುಟ್ಟಿ ಹೊತ್ತು ವಾಡೆಯ ಬಾಗಿಲು ದಾಟಿದ್ದಳು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ‘ಅತಿ ಆಸೆ ಗತಿಗೇಡು ಅಂತಾರ ಶಾಮಲಕ್ಕ. ಎಂಬತ್ತು ರೂಪಾಯಿ ಉಳಸಾಕ ಹೋಗಿ ಅವ್ವನ ಸೀರಿ ಕಳಕೊಂಡ್ರಿ’ ಎಂದೆ. ಅವರು ಉಳಿದ ಮೆಟ್ಟಿಲು ಹತ್ತಿ ಹೋದರು. ನಾನು ಹಾಗೆ ಅನ್ನಬಾರದಿತ್ತು.

ಮೂರು ವಾರ ಸಾವಂತ್ರವ್ವ ಬರಲಿಲ್ಲ. ಬೇರೊಬ್ಬ ಪಾತ್ರೆಯವಳಿಂದ ಮನೆಯ ಗುರುತು ಕೇಳಿಕೊಂಡು ನಾವಿಬ್ಬರೂ ಹಡಪಸರದ ಬಸ್ಸು ಹತ್ತಿದೆವು. ಸೀರೆ ಇಷ್ಟೊತ್ತಿಗೆ ಮಾರಿಹೋಗಿರುತ್ತದೆ ಎಂದು ನನ್ನ ಎಣಿಕೆ. ಶಾಮಲಕ್ಕ ಪರ್ಸು ಗಟ್ಟಿಯಾಗಿ ಹಿಡಿದಿದ್ದರು. ‘ಎಷ್ಟು ಕೇಳಿದರೂ ಕೊಡತೀನಿ ಮಂಜರಿ. ಚೌಕಾಸಿ ಮಾಡಂಗಿಲ್ಲ’ ಎಂದರು.

ತಗಡಿನ ಮಾಡಿನ ಒಂದೇ ಕೋಣೆ. ಬಾಗಿಲಲ್ಲೇ ಸಾವಂತ್ರವ್ವ ನಕ್ಕಳು. ‘ಬರ್ರಿ ಅಕ್ಕಾರ. ಅವತ್ತ ಮಗಳಿಗೆ ನೋವು ಸುರು ಆತಂತ ಫೋನ್ ಬಂದಿತ್ತರಿ, ಅದಕ್ಕ ಓಡಿ ಬಂದೆ. ಹೆಣ್ಣು ಕೂಸು. ಎಂಟು ತಿಂಗಳಿಗೇ ಹುಟ್ಟೇದ.’ ಒಳಗೆ ಬಾಣಂತಿ ಮಲಗಿದ್ದಳು. ಪಕ್ಕದಲ್ಲಿ ಅಂಗೈಯಷ್ಟು ಮುಖದ ಕೂಸು. ಅದನ್ನು ಹಸಿರು ಇಳಕಲ್ ಸೀರೆಯಲ್ಲಿ ಸುತ್ತಿದ್ದರು.

‘ಚರ್ಮ ಭಾಳ ಎಳೇದರಿ. ಹೊಸಾ ಅರಿವಿ ಸುತ್ತಿದ್ರ ಒಂದ ಸಮನ ಅಳತದ. ಗಂಟಿನ್ಯಾಗ ಇದರಷ್ಟು ಮೆತ್ತಂದು ಯಾವುದೂ ಇರಲಿಲ್ರಿ’ ಎಂದಳು ಸಾವಂತ್ರವ್ವ.

ಶಾಮಲಕ್ಕ ಕೂಸಿನ ಹತ್ತಿರ ಕುಳಿತರು. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ‘ಇದು ನಮ್ಮವ್ವಂದು ಸಾವಂತ್ರವ್ವ’ ಎಂದರು.

ಸಾವಂತ್ರವ್ವನ ನಗು ಹೋಯಿತು. ‘ಅವತ್ತೇ ಹೇಳಬಾರದಾ ಅಕ್ಕಾರ? ಹಂಗ ಕೊಡತಿದ್ದೆ’ ಎಂದವಳೇ ಬಾಗಿ ಸುತ್ತಿದ ಸೀರೆ ಬಿಚ್ಚತೊಡಗಿದಳು. ಕೂಸು ಮುಷ್ಟಿ ಬಿಗಿದು, ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಿತು. ಶಾಮಲಕ್ಕ ಅವಳ ಕೈ ಹಿಡಿದುಕೊಂಡರು.

‘ಬಿಡು’ ಎಂದರು. ‘ಇದರ ಕೆಲಸ ಇನ್ನೂ ಮುಗದಿಲ್ಲ.’

ಬಿಚ್ಚಿದ ಭಾಗವನ್ನು ತಾವೇ ಮತ್ತೆ ಸುತ್ತಿದರು. ಪರ್ಸಿನಿಂದ ಒಂದು ನೂರರ ನೋಟು, ಒಂದು ಐವತ್ತರ ನೋಟು ತೆಗೆದು ಮಡಿಚಿ ಕೂಸಿನ ಮುಷ್ಟಿಗೆ ತಾಗಿಸಿ ತಲೆಯ ಬಳಿ ಇಟ್ಟರು. ಕೂಸನ್ನು ಬರಿಗೈಯಲ್ಲಿ ನೋಡಬಾರದಲ್ಲ.

‘ಪೂರಾ ಹರದ ಮ್ಯಾಲ ನನಗ ಕೊಡು. ಬ್ಯಾರೆ ಯಾರಿಗೂ ಕೊಡಬ್ಯಾಡ.’

ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆದರೂ ಬಾಯಿ ರೂಢಿ ಬಿಡಲಿಲ್ಲ. ‘ಆಗ ಎಷ್ಟು ಕೊಡತೀರಿ?’

‘ಕೊಟ್ಟೀನಲ್ಲ’ ಎಂದರು ಶಾಮಲಕ್ಕ.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಹೊಟ್ಟೆಯಿಲ್ಲದ ಕೌದಿ ಇವತ್ತಿಗೂ ಮಡಿಚಿ ಟ್ರಂಕಿನಲ್ಲಿದೆ. ಸಾವಂತ್ರವ್ವ ಬಂದಾಗಲೆಲ್ಲ ಶಾಮಲಕ್ಕ ಮೊದಲು ಕೇಳುವುದು ಕೂಸಿನ ತೂಕ ಎಷ್ಟಾಯಿತು ಎಂದು. ಆಮೇಲೆ ಅಸ್ತರಿನ ತುಂಡಿಗೆ ಚೌಕಾಸಿ ಶುರುವಾಗುತ್ತದೆ.