ಅಮ್ಮನ ಹೆಗಲ ಮೇಲಿನ ಬೋಳುತಲೆ

ಕ್ಯಾಮೆರಾದೊಳಗೆ ಒಂದೇ ಕಣ್ಣಲ್ಲಿ ನೋಡಿ ನೋಡಿ ನಮ್ಮ ಫೋಟೋ ಸ್ಟುಡಿಯೋ ಮಾವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿತ್ತು. ಬೋಳುತಲೆ ಮಾತ್ರ ಮಡಿಕೇರಿಯ ಮೋಡದಲ್ಲೂ ಹೊಳೆಯುತ್ತಿತ್ತು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಾನು ಹಸುಗೂಸಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಅವಳದ್ದೆಂದು ಇದ್ದದ್ದು ಒಂದೇ ಫೋಟೋ, ಅದೂ ದೊಡ್ಡಮ್ಮನ ಮನೆಯ ಗೋಡೆಯಲ್ಲಿ. ಮದುವೆಯಾಗಿ ಪೊನ್ನಂಪೇಟೆಗೆ ಹೊರಟಿದ್ದ ನನಗೆ ಅದರದ್ದೊಂದು ಪ್ರತಿ ಬೇಕೇ ಬೇಕಿತ್ತು. ದೊಡ್ಡಮ್ಮ ಫೋಟೋ ಕೊಡಲೊಪ್ಪಿದರು, ಕಾವಲಿಗೆ ತಾವೂ ಸ್ಟುಡಿಯೋಕ್ಕೆ ಬಂದರು. ಪೂಜೆ ಮಾಡುವ ಫೋಟೋ, ಫ್ರೇಮು ಬಿಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದರು.

ಮಾವ ಹೊಸ ಪುಟ್ಟ ಕ್ಯಾಮೆರಾ ಮುಟ್ಟಲಿಲ್ಲ. ಅದು ಮದುವೆಮನೆಯಲ್ಲಿ ಓಡಾಡುವುದಕ್ಕಂತೆ. ಮರದ ದೊಡ್ಡ ಕ್ಯಾಮೆರಾ ಎಳೆದು ನಿಲ್ಲಿಸಿದರು. ಫಿಲ್ಮ್ ಆರಿಸುವಾಗಲಂತೂ ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಸತಾಯಿಸಿದರು.

"ಚುರುಕು ಫಿಲ್ಮ್ ಹಾಕಿದ್ರೆ ಮುಖಕ್ಕೆ ರವೆ ಚೆಲ್ಲಿದ ಹಾಗೆ ಕಾಣ್ತದೆ ಮಗಳೇ. ನಿಧಾನದ್ದೇ ಆಗ್ಬೇಕು. ನಿನ್ನಮ್ಮ ಎಂತ ಎದ್ದು ಓಡ್ತಾರಾ?"

ದೊಡ್ಡಮ್ಮ ಕೆಕ್ಕರಿಸಿಕೊಂಡು ನೋಡಿದರು. ಮಾವ ಕಿಟಕಿಯ ಬೆಳಕಿನಲ್ಲಿ ಕ್ಯಾಮೆರಾದ ಪಕ್ಕ ನಿಂತು, ಜಪ ಮಾಡುವವರಂತೆ ಸೆಕೆಂಡು ಎಣಿಸಿದರು.

ವಾರದ ಮೇಲೆ ಪ್ರತಿ ಕೈಗೆ ಬಂತು. ಅಮ್ಮನ ಹೆಗಲ ಮೇಲೆ ಗಂಡಸಿನ ತಲೆಯೊಂದು ಕೂತಿತ್ತು. ಇವನಾರೆಂದು ದೊಡ್ಡಮ್ಮ ನನ್ನನ್ನೇ ಗದರಿಸಿದರು. ಮಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ಪರೀಕ್ಷಿಸಿ, "ನಾನೇ" ಎಂದರು. ಫ್ರೇಮಿನ ಗಾಜಿನಲ್ಲಿ ಅವರ ಮುಖ ಬಿದ್ದಿತ್ತು.

ಮರುದಿನ ಹೋದಾಗ ಮಾವ, ಕೊಡವ ಗಂಡಸರು ಮದುವೆ-ಹಬ್ಬಕ್ಕೆ ತೊಡುವ ಉದ್ದನೆಯ ಕಪ್ಪು ನಿಲುವಂಗಿ, ಕುಪ್ಯ, ತೊಟ್ಟು ನಿಂತಿದ್ದರು. ಅದರ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ ಇಲ್ಲ, ಬದಲಿಗೆ ಕರಿ ದಾರ. ಮುಖ ಮುಚ್ಚುವಂತೆ ತಲೆಗೆ ಕರಿ ಬಟ್ಟೆ. ದಾರಿಹೋಕರೆಲ್ಲ ಇಣುಕಿ ಯಾರ ಮದುವೆ ಎಂದು ವಿಚಾರಿಸಿದರು.

"ಕಪ್ಪು ಗಾಜಿನಲ್ಲಿ ಮೂಡುದಿಲ್ಲ. ಪ್ರತಿ ತೆಗೆಯುವವ ಪ್ರತಿಯಲ್ಲಿ ಕಾಣಬಾರ್ದು," ಎಂದರು ನನಗೆ. ಈ ಸಲದ ಪ್ರತಿಯಲ್ಲಿ ಅಮ್ಮ ಒಬ್ಬಳೇ ಬಂದಳು, ರೆಪ್ಪೆಕೂದಲು ಸಹಿತ. ನಾನು ಅಲ್ಲೇ ಅತ್ತುಬಿಟ್ಟೆ. ಹರಿದುಹಾಕಲೆಂದು ಮಾವ ಕೆಟ್ಟ ಪ್ರತಿಯನ್ನು ವಾಪಸು ಕೇಳಿದಾಗ ಕಳೆದುಹೋಯಿತೆಂದು ಸುಳ್ಳು ಹೇಳಿದೆ. ನಗು ಬೇಕೆನಿಸಿದಾಗಲೆಲ್ಲ ಅದನ್ನು ತೆಗೆದು ನೋಡುತ್ತಿದ್ದೆ.

ಅದರ ನಂತರವೂ ಗಾಜು ಹಾಕಿದ ಫೋಟೋ ಪ್ರತಿಗೆ ಬಂದಾಗಲೆಲ್ಲ ಮಾವ ಕುಪ್ಯ ತೊಡುತ್ತಿದ್ದರಂತೆ. ಎಷ್ಟೋ ವರ್ಷಗಳ ಮೇಲೆ ಅವರು ತೀರಿಹೋದರು. ಕೊಡವರ ಪದ್ಧತಿಯಂತೆ ಬಿಳಿ ಕುಪ್ಯ ತೊಡಿಸಿ ಮಲಗಿಸಿದ್ದರು. ಊರಿಗೆಲ್ಲ ಫೋಟೋ ತೆಗೆದ ಮನುಷ್ಯನದು ಗೋಡೆಗೆ ಹಾಕಲು ಒಂದೂ ಫೋಟೋ ಇಲ್ಲವೆಂದು ಅವರ ಹೆಂಡತಿ ಅತ್ತರು.

ತಿಥಿಗೆ ಮುಂಚೆ ನಾನು ಆ ಕೆಟ್ಟ ಪ್ರತಿಯನ್ನು ಬೇರೊಂದು ಸ್ಟುಡಿಯೋಕ್ಕೆ ಒಯ್ದೆ. ನಿಧಾನದ ಫಿಲ್ಮನ್ನೇ ಹಾಕಿ ಎಂದು ಹಟ ಹಿಡಿದು, ತಲೆಯಷ್ಟನ್ನೇ ದೊಡ್ಡದು ಮಾಡಿಸಿದೆ. ಅವರ ಮನೆಯ ಗೋಡೆಯಲ್ಲಿ ಮಾವ ಈಗಲೂ ಇದ್ದಾರೆ, ಗಲ್ಲದ ಕೆಳಗೆ ನನ್ನಮ್ಮನ ಸೀರೆಯ ಅಂಚಿನೊಂದಿಗೆ.